ಸುಂಕದ ಅಧಿಕಾರವಿಲ್ಲದ ಸಂಸ್ಥಾನ

1881ರ ಮಾರ್ಚ್ ತಿಂಗಳಲ್ಲಿ, ಐವತ್ತು ವರ್ಷಗಳ ನೇರ ಆಡಳಿತದ ನಂತರ ಬ್ರಿಟಿಷರು ಮೈಸೂರನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ಆ ಹಸ್ತಾಂತರದ ಪತ್ರವು ಸಂಸ್ಥಾನಕ್ಕೆ ಏನನ್ನು ಕೊಟ್ಟಿತೆಂಬುದಕ್ಕಿಂತ ಏನನ್ನು ಕೊಡದೆ ಉಳಿಸಿಕೊಂಡಿತೆಂಬುದನ್ನು ನೋಡಿದರೆ, ಮುಂದಿನ ಅರವತ್ತಾರು ವರ್ಷಗಳ ಆರ್ಥಿಕ ಚರಿತ್ರೆ ಹೆಚ್ಚು ಸ್ಪಷ್ಟವಾಗುತ್ತದೆ. ಭೂಕಂದಾಯ, ಅರಣ್ಯ, ಅಬಕಾರಿ, ಗಣಿಗಳ ರಾಜಧನ, ನೀರಾವರಿ ಮತ್ತು ಶಿಕ್ಷಣ ದಿವಾನರ ಕೈಗೆ ಬಂದವು. ನಾಣ್ಯ ಟಂಕಿಸುವ ಹಕ್ಕು, ಉಪ್ಪು ಮತ್ತು ಅಫೀಮಿನ ಮೇಲಿನ ಹಿಡಿತ, ರೈಲು ಹಾಗೂ ತಂತಿ ವ್ಯವಸ್ಥೆಯ ವಿಷಯದಲ್ಲಿ ಕೊನೆಯ ಮಾತು ಭಾರತ ಸರ್ಕಾರದಲ್ಲೇ ಉಳಿದವು. ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲವಾದ್ದರಿಂದ ಬಂದರೂ ಇರಲಿಲ್ಲ. ಮದ್ರಾಸು, ಮುಂಬಯಿಗಳಲ್ಲಿ ಇಳಿದು ಮೈಸೂರಿಗೆ ಬರುತ್ತಿದ್ದ ವಿದೇಶಿ ಸರಕಿನ ಮೇಲೆ ಎಷ್ಟು ಸುಂಕ ಹಾಕಬೇಕು, ಹಾಕಬೇಕೇ ಬೇಡವೇ ಎಂಬುದನ್ನು ನಿರ್ಧರಿಸುತ್ತಿದ್ದವರು ಕಲ್ಕತ್ತೆಯ, ಆಮೇಲೆ ದೆಹಲಿಯ ಅಧಿಕಾರಿಗಳು. ಅವರ ಹಿಂದೆ ಲಂಡನ್ನು. ಇವೆಲ್ಲದರ ಮೇಲೆ ವರ್ಷವರ್ಷವೂ ಸಲ್ಲಿಸಬೇಕಾದ ಪೊಗದಿಯಿತ್ತು. ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಿದ್ದ ಅದು ಮೂವತ್ತೈದು ಲಕ್ಷಕ್ಕೆ ಏರಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಹೊತ್ತಿಗಷ್ಟೇ ಹಳೆಯ ಮಟ್ಟಕ್ಕೆ ಇಳಿಯಿತು.

ಇಷ್ಟು ಕಟ್ಟುಗಳ ನಡುವೆಯೂ ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಮೈಸೂರು ಸರ್ಕಾರ ವಿದ್ಯುತ್ತು ಉತ್ಪಾದಿಸಿತು, ಕಬ್ಬಿಣ ಕರಗಿಸಿತು, ಗಂಧದೆಣ್ಣೆ ಬಟ್ಟಿ ಇಳಿಸಿತು, ಸಾಬೂನು ಮಾಡಿತು, ರೇಷ್ಮೆ ನೇಯ್ದಿತು, ಬ್ಯಾಂಕು ತೆರೆಯಿತು, ಕೊನೆಗೆ ವಿಮಾನದ ಕಾರ್ಖಾನೆಗೂ ಬಂಡವಾಳ ಹೂಡಿತು. ಖಾಸಗಿ ಬಂಡವಾಳ ತಾನಾಗಿ ಮುಂದೆ ಬರುವವರೆಗೆ ಕಾಯದೆ, ಸರ್ಕಾರವೇ ಉಳಿತಾಯವನ್ನು ಒಗ್ಗೂಡಿಸಿ, ಯಾವ ಉದ್ಯಮ ಮೊದಲು ಎಂದು ಆರಿಸಿ, ಅದಕ್ಕೆ ಹಣ, ತಂತ್ರಜ್ಞಾನ, ಮಾರುಕಟ್ಟೆಗಳನ್ನು ಹೊಂದಿಸಿಕೊಡುವ ಇಂಥ ಕ್ರಮವನ್ನು ಅರ್ಥಶಾಸ್ತ್ರಜ್ಞರು ಸರ್ಕಾರಿ ಮುಂದಾಳತ್ವದ ಅಭಿವೃದ್ಧಿ ಎನ್ನುತ್ತಾರೆ. ಕೈಗಾರಿಕೆಗೆ ತಡವಾಗಿ ಕಾಲಿಟ್ಟ ದೇಶದಲ್ಲಿ ಬ್ಯಾಂಕುಗಳು ಅಥವಾ ಸರ್ಕಾರ ಹೆಚ್ಚಿನ ಹೊಣೆ ಹೊರಬೇಕಾಗುತ್ತದೆಂದು ಅಲೆಕ್ಸಾಂಡರ್ ಗರ್ಶೆನ್‌ಕ್ರಾನ್ ಯುರೋಪಿನ ಚರಿತ್ರೆಯಿಂದ ವಾದಿಸಿದರು. ಜಪಾನಿನ ಅಂತರರಾಷ್ಟ್ರೀಯ ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯವನ್ನು ಅಧ್ಯಯನ ಮಾಡಿದ ಚಾಮರ್ಸ್ ಜಾನ್ಸನ್ 1982ರಲ್ಲಿ ಅಂಥ ಸರ್ಕಾರಕ್ಕೆ ಅಭಿವೃದ್ಧಿಶೀಲ ಪ್ರಭುತ್ವವೆಂಬ ಹೆಸರು ಕೊಟ್ಟರು. ಇಂದಿನ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಆ ದಾರಿ ಇನ್ನೂ ತೆರೆದಿದೆಯೇ ಎಂಬ ಚರ್ಚೆಯಲ್ಲಿ ಕೊರಿಯ, ತೈವಾನ್, ಚೀನಗಳ ಹೆಸರು ಮತ್ತೆ ಮತ್ತೆ ಬರುತ್ತದೆ, ಮೈಸೂರಿನ ಹೆಸರು ಬರುವುದು ಅಪರೂಪ. ಆದರೆ ಸಂಕಲ್ಪ ಮತ್ತು ಆಡಳಿತ ಸಾಮರ್ಥ್ಯ ಎರಡೂ ಇದ್ದು, ಸಾರ್ವಭೌಮತ್ವ ಮಾತ್ರ ಇಲ್ಲದ ಸರ್ಕಾರವೊಂದು ಎಷ್ಟು ದೂರ ಹೋಗಬಹುದೆಂಬುದನ್ನು ಅಳೆಯಲು ಮೈಸೂರಿಗಿಂತ ಒಳ್ಳೆಯ ನಿದರ್ಶನ ಹುಡುಕುವುದು ಕಷ್ಟ.

ಆರಂಭ ಸಂಕಟದಿಂದಲೇ ಆಯಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನವು ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿತ್ತು. ಮಳೆಯನ್ನೇ ನಂಬಿದ ಬೇಸಾಯ ರಾಜ್ಯವನ್ನು ಉಳಿಸಲಾರದೆಂಬ ತಿಳಿವಳಿಕೆ ರಂಗಾಚಾರ್ಲು ಅವರಿಂದ ಹಿಡಿದು ಮುಂದಿನ ಎಲ್ಲ ದಿವಾನರಲ್ಲೂ ಕಾಣುತ್ತದೆ. ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೋಲಾರದ ಚಿನ್ನದ ಗಣಿಗಳು ಬೊಕ್ಕಸಕ್ಕೆ ರಾಜಧನವನ್ನು, ಅಂದರೆ ಅಗೆದ ಖನಿಜದ ಮೇಲೆ ಭೂಮಿಯ ಒಡೆಯನಿಗೆ ಸಲ್ಲುವ ಪಾಲನ್ನು, ತರತೊಡಗಿದವು. ಆ ಗಣಿಗಳಿಗಾಗಿಯೇ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತು ತೆಗೆದು, 1902ರಲ್ಲಿ 92 ಮೈಲಿ ದೂರದ ಕೋಲಾರಕ್ಕೆ ತಂತಿಯ ಮೂಲಕ ಸಾಗಿಸಲಾಯಿತು. ಚಿನ್ನ ಅಗೆಯುತ್ತಿದ್ದುದು ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ನಿರ್ವಹಿಸುತ್ತಿದ್ದ ಕಂಪನಿಗಳು, ಲಾಭವೂ ಬಹುಮಟ್ಟಿಗೆ ಅಲ್ಲಿಗೇ ಹೋಗುತ್ತಿತ್ತು. ಆದರೆ ವಿದ್ಯುತ್ತಿನ ಒಡೆತನ ಮಾತ್ರ ಸರ್ಕಾರದ್ದಾಗಿತ್ತು. ಮುಂದೆ ಬಂದ ಕಾರ್ಖಾನೆಗಳಿಗೆ ಚಿನ್ನಕ್ಕಿಂತ ಹೆಚ್ಚಾಗಿ ಕೆಲಸಕ್ಕೆ ಬಂದದ್ದು ಆ ಒಡೆತನವೇ.

1909ರಲ್ಲಿ ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1898ರಲ್ಲೇ ಜಪಾನನ್ನು ನೋಡಿಬಂದಿದ್ದ ಅವರಿಗೆ, ಏಷ್ಯದ ದೇಶವೊಂದು ಶಾಲೆ, ಬ್ಯಾಂಕು, ಕಾರ್ಖಾನೆಗಳನ್ನು ಒಂದೇ ಯೋಜನೆಯ ಅಂಗಗಳನ್ನಾಗಿ ಕಟ್ಟಿದ ರೀತಿ ಜೀವನವಿಡೀ ಮಾದರಿಯಾಗಿ ಉಳಿಯಿತು. ಅವರ ಸಲಹೆಯಂತೆ 1911ರಲ್ಲಿ ಹುಟ್ಟಿದ ಮೈಸೂರು ಸಂಪದಭ್ಯುದಯ ಸಮಾಜವು ವ್ಯವಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಬೇರೆಬೇರೆ ಸಮಿತಿಗಳನ್ನು ಮಾಡಿ, ಅಧಿಕಾರಿಗಳನ್ನೂ ವರ್ತಕರನ್ನೂ ಜಮೀನುದಾರರನ್ನೂ ಒಂದೆಡೆ ಕೂರಿಸಿತು. ಮೈಸೂರು ಬ್ಯಾಂಕು, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ, ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಇವೆಲ್ಲ 1913ರ ಆಸುಪಾಸಿನವು, ವಿಶ್ವವಿದ್ಯಾನಿಲಯ 1916ರದು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಬೇರೂ ಈ ಸಮಾಜದಲ್ಲೇ ಇದೆಯೆಂಬುದನ್ನು ಸಾಹಿತ್ಯ ಚರಿತ್ರೆಕಾರರು ಹೇಳುವಷ್ಟು ಆರ್ಥಿಕ ಚರಿತ್ರೆಕಾರರು ಹೇಳುವುದಿಲ್ಲ. ಜನರ ಭಾಷೆಯಲ್ಲಿ ತಿಳಿವಳಿಕೆ ಹರಡದೆ ಉತ್ಪಾದನೆ ಹೆಚ್ಚದೆಂಬ ಎಣಿಕೆ ಅದರ ಹಿಂದಿತ್ತು.

ಈ ಕಾಲದ ಉದ್ಯಮಗಳಲ್ಲಿ ಮೊದಲು ಗೆದ್ದದ್ದು ಗಂಧದೆಣ್ಣೆ. ಅದು ಗೆದ್ದ ರೀತಿಯನ್ನು ತುಸು ವಿವರವಾಗಿ ನೋಡಬೇಕು. ಮೈಸೂರಿನಲ್ಲಿ ಶ್ರೀಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸ್ವತ್ತು. ಟಿಪ್ಪು ಸುಲ್ತಾನನ ಕಾಲದಿಂದ ಬಂದ ಈ ಪದ್ಧತಿಯನ್ನು ಬ್ರಿಟಿಷ್ ಕಮಿಷನರರೂ ಒಡೆಯರೂ ಮುಂದುವರಿಸಿದ್ದರು. ಅರಣ್ಯ ಇಲಾಖೆಯವರು ಮರವನ್ನು ಬೇರುಸಹಿತ ಕಿತ್ತು, ಹೊರಗಿನ ಬಿಳಿಯ ಭಾಗವನ್ನು ಕೆತ್ತಿ, ಚೇಗನ್ನು ದರ್ಜೆಗಳಾಗಿ ವಿಂಗಡಿಸಿ ಗಂಧದ ಕೋಠಿಗಳಲ್ಲಿ ಇಡುತ್ತಿದ್ದರು, ವರ್ಷಕ್ಕೊಮ್ಮೆ ಅಲ್ಲಿ ಹರಾಜು ನಡೆಯುತ್ತಿತ್ತು. ಕೊಂಡ ಮರದ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿನ ಕಾರ್ಖಾನೆಗಳಲ್ಲಿ ಎಣ್ಣೆಯಾಗಿ, ಔಷಧಿ ಮತ್ತು ಸುಗಂಧದ ವ್ಯಾಪಾರಕ್ಕೆ ಸೇರುತ್ತಿತ್ತು. 1914ರಲ್ಲಿ ಮಹಾಯುದ್ಧ ತೊಡಗಿದಾಗ ಆ ಗಿರಾಕಿಗಳು ಒಮ್ಮೆಲೇ ಇಲ್ಲವಾದರು, ಕೋಠಿಗಳಲ್ಲಿ ಮರ ಉಳಿಯಿತು. ಆಗ ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವು ಪಡೆದು, ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ವಿಧಾನವನ್ನು ಸಿದ್ಧಪಡಿಸಿಕೊಂಡರು. ಆ ಸಂಸ್ಥೆ ನಿಂತಿದ್ದುದೂ ಮೈಸೂರು ಸರ್ಕಾರ ಕೊಟ್ಟ 371 ಎಕರೆ ಜಮೀನಿನ ಮೇಲೆ. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಶುರುವಾದವು. ಇಂಗ್ಲೆಂಡಿಗೆ ಹೋಗಿ ಸಾಬೂನಿನ ರಸಾಯನ ಕಲಿತು ಬಂದ ಎಸ್. ಜಿ. ಶಾಸ್ತ್ರಿಯವರ ಕೈಯಲ್ಲಿ ಅದೇ ಎಣ್ಣೆ 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯ ಸರಕಾಯಿತು.

ಈ ಗೆಲುವಿಗೆ ಸುಂಕದ ಆಸರೆ ಬೇಕಿರಲಿಲ್ಲ. ಕಚ್ಚಾವಸ್ತುವಿನ ಏಕಸ್ವಾಮ್ಯವೇ ಸರ್ಕಾರದ ಕೈಯಲ್ಲಿದ್ದುದರಿಂದ ಹೊರಗಿನ ಸ್ಪರ್ಧಿಗಳಿಗೆ ಮರವನ್ನೇ ಕೊಡದಿರುವ ಶಕ್ತಿ ಅದಕ್ಕಿತ್ತು. ಯುದ್ಧ ಮುಗಿದು ಯುರೋಪಿನ ವ್ಯಾಪಾರ ಮತ್ತೆ ತೆರೆದ ಮೇಲೂ ಮೈಸೂರಿನ ಎಣ್ಣೆ ತನ್ನ ಜಾಗ ಬಿಟ್ಟುಕೊಡಲಿಲ್ಲ. ಆದರೆ ಏಕಸ್ವಾಮ್ಯದ ಬೆಲೆಯನ್ನು ತೆತ್ತವರು ರೈತರು. ತನ್ನ ಜಮೀನಿನಲ್ಲಿ ಹುಟ್ಟಿದ ಗಿಡ ತನ್ನದಲ್ಲವೆಂದಾಗ ಅದನ್ನು ಬೆಳೆಸುವ ಉತ್ಸಾಹ ಯಾರಿಗೂ ಇರಲಿಲ್ಲ, ಕಾಯುವ ಹೊಣೆ ಮಾತ್ರ ಇತ್ತು. ಮರ ಕಳುವಾದರೆ ವಿಚಾರಣೆ ಹೊಲದವನ ಮೇಲೆಯೇ ಬರುವ ಭಯವಿತ್ತು. ಸ್ಪೈಕ್ ರೋಗ, ಕಳ್ಳಸಾಗಣೆ, ಅಡವಿಯ ನಾಶ ಇವುಗಳ ಜೊತೆಗೆ ಈ ಕಾನೂನೂ ಸೇರಿ ಮರದ ಸಂಖ್ಯೆ ಕುಗ್ಗುತ್ತ ಬಂದಿತು. ಕರ್ನಾಟಕವು ಅರಣ್ಯ ಕಾಯ್ದೆಯನ್ನು ತಿದ್ದಿ ಶ್ರೀಗಂಧದ ಒಡೆತನವನ್ನು ಜಮೀನಿನ ಮಾಲೀಕನಿಗೆ ಕೊಟ್ಟದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಸಾಬೂನಿನ ಹೆಸರು ಉಳಿದಿತ್ತು, ಕಾಡಿನಲ್ಲಿ ಮರ ವಿರಳವಾಗಿತ್ತು.

ಭದ್ರಾವತಿಯದು ಇದಕ್ಕೆ ತದ್ವಿರುದ್ಧವಾದ ಚರಿತ್ರೆ. ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಆ ಊರಿನ ಸುತ್ತ ಕಬ್ಬಿಣದ ಉದ್ಯಮಕ್ಕೆ ಬೇಕಾದ ಬಹುತೇಕ ಎಲ್ಲವೂ ಇದ್ದವು: ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಹತ್ತಿರದಲ್ಲೇ ಸುಣ್ಣಕಲ್ಲು, ಭದ್ರಾ ನದಿಯ ನೀರು, ಮಲೆನಾಡಿನ ದಟ್ಟ ಕಾಡು. ಇಲ್ಲದಿದ್ದದ್ದು ಕಲ್ಲಿದ್ದಲು. ಬಂಗಾಳ ಬಿಹಾರಗಳ ಗಣಿಗಳಿಂದ ಕಲ್ಲಿದ್ದಲು ತರಿಸಿದರೆ ಸಾಗಣೆಯ ಖರ್ಚಿನಲ್ಲೇ ಲಾಭ ಕರಗುತ್ತಿತ್ತು. ಆದ್ದರಿಂದ ಕಾಡಿನ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಅದರಿಂದ ಹೊರಬರುವ ಮರದ ಮದ್ಯಸಾರ, ಅಸಿಟೇಟು, ಡಾಂಬರುಗಳನ್ನು ಮಾರಿ, ಉಳಿದ ಇದ್ದಿಲಿನಿಂದ ಊದುಕುಲುಮೆಯಲ್ಲಿ ಬೀಡುಕಬ್ಬಿಣ, ಅಂದರೆ ಉಕ್ಕಾಗುವ ಮೊದಲಿನ ಒರಟು ಕಬ್ಬಿಣ, ತೆಗೆಯಬೇಕೆಂಬ ಯೋಜನೆಯನ್ನು ಅಮೆರಿಕದ ಸಲಹೆಗಾರ ಸಿ. ಪಿ. ಪೆರಿನ್ ಅವರ ನೆರವಿನಿಂದ ರೂಪಿಸಲಾಯಿತು. ಮರ ಬಟ್ಟಿ ಇಳಿಸುವುದೂ ಕಬ್ಬಿಣ ಕರಗಿಸುವುದೂ ಒಂದೇ ಆವರಣದಲ್ಲಿ ನಡೆಯುವಂಥ ಕಾರ್ಖಾನೆಯ ಕೆಲಸ 1918ರಲ್ಲಿ ಆರಂಭವಾಗಿ, 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಹರಿಯಿತು.

ಯೋಜನೆ ಸಿದ್ಧವಾದಾಗಿನ ಲೋಕ ಕಬ್ಬಿಣ ಹರಿಯುವ ಹೊತ್ತಿಗೆ ಇರಲಿಲ್ಲ. ಯುದ್ಧಕಾಲದ ಏರು ಬೆಲೆಗಳನ್ನು ನೋಡಿ ಹಾಕಿದ ಲೆಕ್ಕ ಯುದ್ಧಾನಂತರದ ಕುಸಿತದಲ್ಲಿ ತಲೆಕೆಳಗಾಯಿತು, ಯಂತ್ರಗಳ ಖರ್ಚೂ ಅಂದಾಜನ್ನು ಮೀರಿತು. ಇನ್ನೊಂದು ಪೆಟ್ಟು ಯಾರೂ ಎಣಿಸದ ಕಡೆಯಿಂದ ಬಂದಿತು. ಭದ್ರಾವತಿ ಕೆಲಸ ಶುರುಮಾಡಿದ 1923ರಲ್ಲಿಯೇ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರದ ಮದ್ಯಸಾರವನ್ನು ಮರವಿಲ್ಲದೆ, ಅನಿಲಗಳ ಸಂಯೋಗದಿಂದ, ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಉಪಉತ್ಪನ್ನಗಳ ಆದಾಯದಿಂದ ಕಬ್ಬಿಣದ ಖರ್ಚನ್ನು ಇಳಿಸುವ ಜಾಣ್ಮೆಯ ಲೆಕ್ಕಕ್ಕೆ ಆಧಾರವೇ ಹೋಯಿತು. ಸಂಸ್ಥಾನದ ಹಣಕಾಸು ಬಿಗಿಯಾಗಿದ್ದ ಕಾಲವದು. ಜನಪ್ರತಿನಿಧಿಗಳೂ ಪತ್ರಿಕೆಗಳೂ ಕಾರ್ಖಾನೆಯ ನಷ್ಟವನ್ನು ಕಟುವಾಗಿ ಟೀಕಿಸಿದರು, ಮುಚ್ಚುವುದೇ ಮೇಲೆಂಬ ಮಾತೂ ಕೇಳಿಬಂದಿತು. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನು ಸರ್ಕಾರ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮತ್ತೆ ಕರೆಯಿತು. 1929ರವರೆಗೆ ಅವರು ಖರ್ಚು ಕಡಿದರು, ವಿದೇಶಿ ತಜ್ಞರ ಜಾಗಕ್ಕೆ ಸ್ಥಳೀಯ ಎಂಜಿನಿಯರುಗಳನ್ನು ತಂದರು, ಕಬ್ಬಿಣದ ಕೊಳವೆ ಎರಕ ಹೊಯ್ಯುವ ಘಟಕ ಸೇರಿಸಿದರು. ಆ ಸೇವೆಗೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ತಾಂತ್ರಿಕ ಶಿಕ್ಷಣ ಸಂಸ್ಥೆಯೊಂದಕ್ಕೆ ಬಳಸಬೇಕೆಂದು ಅವರು ಕೇಳಿಕೊಂಡದ್ದೂ, ಆ ಹಣ ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಸಂದದ್ದೂ ಅವರ ಜೀವನಚರಿತ್ರೆಗಳಲ್ಲಿ ಹೆಮ್ಮೆಯಿಂದ ದಾಖಲಾಗಿವೆ. ಆದರೆ ವ್ಯಕ್ತಿಯ ತ್ಯಾಗ ಕಾರ್ಖಾನೆಯ ಮೂಲ ತೊಡಕನ್ನು ಬಿಡಿಸುವಂಥದ್ದಾಗಿರಲಿಲ್ಲ.

ಆ ತೊಡಕು ಎಲ್ಲಿತ್ತೆಂಬುದನ್ನು 1924ರ ಉಕ್ಕು ಸಂರಕ್ಷಣಾ ಕಾಯ್ದೆ ತೋರಿಸುತ್ತದೆ. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ಯುರೋಪಿನ ಅಗ್ಗದ ಉಕ್ಕಿನೆದುರು ತತ್ತರಿಸಿದಾಗ, ಸುಂಕ ಮಂಡಲಿಯ ವಿಚಾರಣೆಯ ನಂತರ ಭಾರತ ಸರ್ಕಾರ ಆಮದು ಉಕ್ಕಿನ ಮೇಲೆ ರಕ್ಷಣಾ ಸುಂಕ ಹಾಕಿತು. ಹೊಸ ಉದ್ಯಮವೊಂದು ಕಲಿತು ಗಟ್ಟಿಯಾಗುವವರೆಗೆ ಹೊರಗಿನ ಸರಕನ್ನು ದುಬಾರಿ ಮಾಡಿ ಅದಕ್ಕೆ ಕೊಡುವ ಆಸರೆಯೇ ರಕ್ಷಣಾ ಸುಂಕ. ಭದ್ರಾವತಿ ಆಗ ಮಾಡುತ್ತಿದ್ದುದು ಉಕ್ಕನ್ನಲ್ಲ, ಬೀಡುಕಬ್ಬಿಣವನ್ನು. ಅದಕ್ಕೆ ರಕ್ಷಣೆ ಸಿಗಲಿಲ್ಲ. ಸ್ವಂತ ಸುಂಕ ಹಾಕುವ ಅಧಿಕಾರ ಮೈಸೂರಿಗಿರಲಿಲ್ಲವಾದ್ದರಿಂದ, ಬೇರೊಬ್ಬರ ಅಗತ್ಯಕ್ಕೆ ಕಟ್ಟಿದ ಗೋಡೆಯ ನೆರಳಿಗೆ ತಾನೇ ಸರಿದು ನಿಲ್ಲಬೇಕಾಯಿತು. 1936ರಲ್ಲಿ ಉಕ್ಕಿನ ಘಟಕ ತೆರೆದದ್ದು, ಅದರ ಬೆನ್ನಿಗೆ ಸಿಮೆಂಟಿನ ಕಾರ್ಖಾನೆ ಬಂದದ್ದು ಆ ಸರಿಯುವಿಕೆಯ ಭಾಗ. ಎರಡನೆಯ ಮಹಾಯುದ್ಧ ಬಂದಾಗ ಆ ಉಕ್ಕಿಗೂ ಸಿಮೆಂಟಿಗೂ ಬೇಡಿಕೆ ಹುಟ್ಟಿತು.

ಇದೇ ಸೂತ್ರ ಉಳಿದ ಉದ್ಯಮಗಳಲ್ಲೂ ಕಾಣುತ್ತದೆ. ರೇಷ್ಮೆಗೆ ಸರ್ಕಾರ ಮಾಡಿದ ಕೆಲಸ ಕಡಿಮೆಯದಲ್ಲ: 1912ರಲ್ಲಿ ಮೈಸೂರಿನಲ್ಲಿ ನೇಯ್ಗೆಯ ಕಾರ್ಖಾನೆ, ಮುಂದಿನ ವರ್ಷಗಳಲ್ಲಿ ಪ್ರತ್ಯೇಕ ರೇಷ್ಮೆ ಇಲಾಖೆ, ಇಟಲಿಯಿಂದ ಕರೆಸಿದ ತಜ್ಞ, ರೋಗವಿಲ್ಲದ ಮೊಟ್ಟೆಗಳನ್ನು ಸಾಕಣೆಗಾರರಿಗೆ ಒದಗಿಸುವ ಕೇಂದ್ರಗಳು. ಹಿಪ್ಪುನೇರಳೆ ಬೆಳೆಯುವ ಸಾವಿರಾರು ಕುಟುಂಬಗಳಿಗೆ ನೇರವಾಗಿ ತಲುಪಿದ ಈ ಕೆಲಸ, ಚೀನ ಜಪಾನುಗಳ ಅಗ್ಗದ ರೇಷ್ಮೆ ಮಾರುಕಟ್ಟೆಗೆ ನುಗ್ಗಿದಾಗ ಒಂದೆರಡು ವರ್ಷಗಳಲ್ಲೇ ಸಂಕಟಕ್ಕೆ ಸಿಲುಕಿತು. ಮೈಸೂರು ಮಾಡಬಹುದಾಗಿದ್ದದ್ದು ಭಾರತ ಸರ್ಕಾರದ ಸುಂಕ ಮಂಡಲಿಯ ಮುಂದೆ ಅಹವಾಲು ಸಲ್ಲಿಸುವುದಷ್ಟೇ, ರಕ್ಷಣೆ ಬಂದದ್ದು 1934ರಲ್ಲಿ. ಮಂಡ್ಯದ ಸಕ್ಕರೆಯ ಹಣೆಬರಹ ಬೇರೆಯಾಗಿತ್ತು. ಕೃಷ್ಣರಾಜಸಾಗರದ ನಾಲೆಯ ನೀರು ಬಂದು, ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ರೈತರು ಕಬ್ಬು ನಾಟಿ ಮಾಡಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟುವ ಹೊತ್ತಿಗೆ, ಹಿಂದಿನ ವರ್ಷವಷ್ಟೇ ಭಾರತ ಸರ್ಕಾರ ಜಾವಾ ಸಕ್ಕರೆಯ ವಿರುದ್ಧ ರಕ್ಷಣಾ ಕಾಯ್ದೆ ತಂದಿತ್ತು. ಮಂಡ್ಯದ ಕಾರ್ಖಾನೆ ಬೇಗ ಲಾಭಕ್ಕೆ ಬಂದುದರಲ್ಲಿ ನೀರಿನ, ರೈತರ, ಕೋಲ್ಮನ್ನರ ಪಾಲಿನಷ್ಟೇ ಆ ಕಾಯ್ದೆಯ ಪಾಲೂ ಇದೆ.

1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲರು ಭದ್ರಾವತಿಯ ಅನುಭವದಿಂದ ಕಲಿತಂತೆ ತೋರುತ್ತದೆ. ಇಡೀ ಹೊರೆ ಬೊಕ್ಕಸದ ಮೇಲೆ ಬೀಳದಂತೆ, ಸರ್ಕಾರ ಸ್ವಲ್ಪ ಷೇರು ಕೊಂಡು, ಜಮೀನು, ವಿದ್ಯುತ್ತು, ಕಚ್ಚಾವಸ್ತುಗಳನ್ನು ಅಗ್ಗದಲ್ಲಿ ಒದಗಿಸಿ, ಉಳಿದ ಬಂಡವಾಳವನ್ನು ಜನರಿಂದ ಎತ್ತುವ ಕೂಡುಬಂಡವಾಳ ಕಂಪನಿಗಳ ದಾರಿಯನ್ನು ಅವರು ಹಿಡಿದರು. ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ವಿದ್ಯುದ್ದೀಪದ ಕಾರ್ಖಾನೆ, ಬೆಳಗೊಳದ ರಾಸಾಯನಿಕ ಗೊಬ್ಬರ, ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಇವೆಲ್ಲ ಮೂವತ್ತರ ದಶಕದ ಫಲ. ಆದರೂ ಎಲ್ಲೆ ಎಲ್ಲೆಯಾಗಿಯೇ ಉಳಿಯಿತು. ವಿಶ್ವೇಶ್ವರಯ್ಯನವರು ಯುರೋಪು ಅಮೆರಿಕಗಳನ್ನು ಸುತ್ತಿ ಸಿದ್ಧಪಡಿಸಿದ ಮೋಟಾರು ಕಾರ್ಖಾನೆಯ ಯೋಜನೆಗೆ, ಉದ್ಯಮಿ ವಾಲ್‌ಚಂದ್ ಹೀರಾಚಂದರು ಬಂಡವಾಳ ಹೂಡಲು, ಮೈಸೂರು ಬಡ್ಡಿಯ ಭರವಸೆ ಕೊಡಲು ಒಪ್ಪಿದ್ದರೂ, ಭಾರತ ಸರ್ಕಾರದ ಬೆಂಬಲ ಸಿಗದೆ ಅದು ಬಿದ್ದುಹೋಯಿತು. ಅದೇ ವಾಲ್‌ಚಂದರ ವಿಮಾನ ಕಾರ್ಖಾನೆಗೆ 1940ರ ಡಿಸೆಂಬರಿನಲ್ಲಿ ಹಸಿರು ನಿಶಾನೆ ದೊರೆತದ್ದು ಯುದ್ಧಕ್ಕೆ ವಿಮಾನ ಬೇಕಿದ್ದರಿಂದ. ಮೈಸೂರು ಇಪ್ಪತ್ತೈದು ಲಕ್ಷ ರೂಪಾಯಿ ಹಾಕಿತು, ಎರಡು ವರ್ಷ ಕಳೆಯುವಷ್ಟರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ಮೈಸೂರಿನ ಪ್ರಯೋಗವನ್ನು ಹೊಗಳುವವರು ಬೇಗ ದಾಟಿಹೋಗುವ ಇನ್ನೊಂದು ಮಗ್ಗುಲಿದೆ. ಈ ಉದ್ಯಮಗಳನ್ನು ನಡೆಸಿದ ಅಧಿಕಾರಿವರ್ಗ ಬಹುಮಟ್ಟಿಗೆ ಬ್ರಾಹ್ಮಣರದಾಗಿತ್ತು, ಬೆಳವಣಿಗೆಯ ಮೊದಲ ಫಲವಾದ ನೌಕರಿಗಳೂ ಇಂಗ್ಲಿಷು ಕಲಿತ ಆ ವರ್ಗಕ್ಕೇ ಸಿಕ್ಕವು. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂದಾಳುಗಳು ಇದನ್ನು ಪ್ರಶ್ನಿಸಿದಾಗ ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಹೋಗಬೇಕೆಂದು ಆ ಸಮಿತಿ ಹೇಳಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯ ಮುಖ್ಯ ಕಾರಣಗಳಲ್ಲೊಂದು. ದಕ್ಷತೆಗೆ ಧಕ್ಕೆಯಾಗುತ್ತದೆಂದು ಅವರು ನಂಬಿದ್ದರು. ಆದರೆ ಜನರ ಹಣದಿಂದ ಕಟ್ಟಿದ ಕಾರ್ಖಾನೆಯ ನಷ್ಟವನ್ನು ಜನ ತಾಳಿಕೊಳ್ಳಬೇಕಾದರೆ, ಅದರ ಲಾಭದಲ್ಲಿ ತಮಗೂ ಪಾಲಿದೆಯೆಂಬ ಭರವಸೆ ಅವರಿಗಿರಬೇಕು. ಭದ್ರಾವತಿಯ ವಿರುದ್ಧ ಎದ್ದ ಟೀಕೆಯ ಕಾವನ್ನು ಬರಿಯ ಲೆಕ್ಕಪತ್ರದ ನಷ್ಟವೊಂದರಿಂದಲೇ ವಿವರಿಸಲಾಗದು. ಕಾಡಿನ ಲೆಕ್ಕವಂತೂ ಯಾವ ಆಯವ್ಯಯದಲ್ಲೂ ಸೇರಲಿಲ್ಲ. 1952ರಲ್ಲಿ ವಿದ್ಯುತ್ ಕುಲುಮೆಗಳು ಬರುವವರೆಗೆ, ಮೂರು ದಶಕಗಳ ಕಾಲ, ಮಲೆನಾಡಿನ ಸೌದೆ ಇದ್ದಿಲಾಗಿ ಊದುಕುಲುಮೆಗೆ ಬೀಳುತ್ತಲೇ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಸುಂಕದ ಅಧಿಕಾರ ದೇಶದ ಕೈಗೆ ಬಂದಿತು, ಆದರೆ ಅಷ್ಟರಲ್ಲಿ ಮೈಸೂರು ಸಂಸ್ಥಾನವೇ ಉಳಿದಿರಲಿಲ್ಲ. ದೂರವಾಣಿ, ಯಂತ್ರೋಪಕರಣ, ಎಲೆಕ್ಟ್ರಾನಿಕ್ಸ್ ಉದ್ಯಮಗಳನ್ನು ಕೇಂದ್ರ ಸರ್ಕಾರ 1948ರಿಂದ 1954ರ ನಡುವೆ ಬೆಂಗಳೂರಿನಲ್ಲಿ ಸ್ಥಾಪಿಸಿದಾಗ, ಅವುಗಳಿಗೆ ಸಿದ್ಧವಾಗಿದ್ದ ವಿದ್ಯುತ್ತು, ಎಂಜಿನಿಯರಿಂಗ್ ಕಾಲೇಜು, ಕುಶಲ ಕೆಲಸಗಾರರು ಹಳೆಯ ಸಂಸ್ಥಾನದ ಗಳಿಕೆ. ಭದ್ರಾವತಿಗೆ ಸುಂಕದ ರಕ್ಷಣೆ ಈಗ ಧಾರಾಳವಾಗಿ ದೊರೆಯಿತು, ಹಿಂದೆ ನಷ್ಟದ ಭಯ ಕಲಿಸಿದ್ದ ಚುರುಕು ಉಳಿಯಲಿಲ್ಲ. ಸ್ವಂತ ಅದಿರಿನ ಗಣಿ ಕೈತಪ್ಪಿ, ಹಳೆಯ ಯಂತ್ರಗಳಿಗೆ ಹೊಸ ಬಂಡವಾಳ ಬಾರದೆ, ಭಾರತೀಯ ಉಕ್ಕು ಪ್ರಾಧಿಕಾರದ ಅಂಗವಾಗಿದ್ದ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಮಿಕರು ಪ್ರತಿಭಟನೆಗೆ ಇಳಿದರು.

ಇಲ್ಲಿ ದಕ್ಷಿಣ ಕೊರಿಯದ ಪೋಹಾಂಗ್ ಉಕ್ಕಿನ ಕಾರ್ಖಾನೆಯನ್ನು ನೆನೆಯದೆ ಮುಂದುವರಿಯಲಾಗದು. 1968ರಲ್ಲಿ ಸ್ಥಾಪನೆಯಾದ ಆ ಕಂಪನಿಯ ಯೋಜನೆ ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕು ಹಿಂದೆ ಸರಿದಾಗ, ಜಪಾನಿನಿಂದ ಬಂದ ಪರಿಹಾರದ ಹಣ ಮತ್ತು ಜಪಾನಿನದೇ ತಂತ್ರಜ್ಞಾನದಿಂದ ಕೊರಿಯ ಸರ್ಕಾರ ಅದನ್ನು ಕಟ್ಟಿತು. 1973ರಲ್ಲಿ ಉತ್ಪಾದನೆ ಆರಂಭವಾದಾಗ ಅದರ ಸಾಮರ್ಥ್ಯ ವರ್ಷಕ್ಕೆ ಹತ್ತು ಲಕ್ಷ ಟನ್ನಿಗಿಂತ ತುಸು ಹೆಚ್ಚು. ಭದ್ರಾವತಿಯಂತೆ ಅದೂ ಸರ್ಕಾರಿ ಕಾರ್ಖಾನೆ, ಅಲ್ಲಿಯೂ ಕಲ್ಲಿದ್ದಲಿನ ಕೊರತೆ. ಒಳ್ಳೆಯ ಅದಿರೂ ಇರಲಿಲ್ಲ. ಕೊರಿಯವನ್ನು ಅಧ್ಯಯನ ಮಾಡಿದ ಆಲಿಸ್ ಆಮ್ಸ್‌ಡೆನ್, ಅಲ್ಲಿನ ಸರ್ಕಾರ ಕೊಟ್ಟ ಸಹಾಯಧನಕ್ಕೆ ಪ್ರತಿಯಾಗಿ ರಫ್ತು ಮತ್ತು ಗುಣಮಟ್ಟದ ಗುರಿಗಳನ್ನು ಉದ್ಯಮಗಳಿಂದ ಕಟ್ಟುನಿಟ್ಟಾಗಿ ವಸೂಲು ಮಾಡಿತೆಂಬುದನ್ನು ಎತ್ತಿ ತೋರಿಸಿದ್ದಾರೆ. ಸುಂಕದ ಗೋಡೆ ಕಟ್ಟುವ ಅಧಿಕಾರ, ಗೋಡೆಯೊಳಗೆ ಇರುವವನನ್ನು ಹೊರಗಿನ ಮಾರುಕಟ್ಟೆಗೆ ದಬ್ಬುವ ಛಲ, ಎರಡೂ ಒಂದೇ ಸರ್ಕಾರದಲ್ಲಿ ಸೇರಿದ್ದುದು ಕೊರಿಯದ ವಿಶೇಷ. ಸಂಸ್ಥಾನ ಕಾಲದ ಮೈಸೂರಿಗೆ ಮೊದಲನೆಯದು ಇರಲಿಲ್ಲ, ಸ್ವತಂತ್ರ ಭಾರತಕ್ಕೆ ಎರಡನೆಯದು ಬಹುಕಾಲ ಬೇಕೆನಿಸಲಿಲ್ಲ.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದ ಮೇಲೆ ಅಭಿವೃದ್ಧಿಯಾಗುತ್ತಿರುವ ಅನೇಕ ದೇಶಗಳ ಸ್ಥಿತಿ ಕೊರಿಯಕ್ಕಿಂತ ಸಂಸ್ಥಾನ ಕಾಲದ ಮೈಸೂರಿಗೆ ಹತ್ತಿರವಾಯಿತೆಂದರೆ ತಪ್ಪಾಗದು. ರಫ್ತಿನ ಷರತ್ತಿನ ಮೇಲೆ ಸಹಾಯಧನ ಕೊಡುವುದು, ದೇಶದೊಳಗಿನ ಬಿಡಿಭಾಗಗಳನ್ನೇ ಬಳಸಬೇಕೆಂದು ಕಡ್ಡಾಯ ಮಾಡುವುದು, ಹೀಗೆ ಕೊರಿಯ ಬಳಸಿದ ಸಾಧನಗಳು ಕೆಲವು ಅತಿ ಬಡ ದೇಶಗಳ ಹೊರತು ಉಳಿದವರಿಗೆ ನಿಷಿದ್ಧವಾದವು. ಸೌರಫಲಕಗಳ ವಿಷಯದಲ್ಲಿ ಭಾರತ ಹಾಕಿದ್ದ ಸ್ವದೇಶಿ ಷರತ್ತು ನಿಯಮಬಾಹಿರವೆಂದು 2016ರಲ್ಲಿ ತೀರ್ಪಾಯಿತು. ಹಾಗಾದರೆ ಉಳಿದಿರುವುದೇನು? ಗಂಧದೆಣ್ಣೆಯ ದಾರಿ ಉಳಿದಿದೆಯೆಂದು ಇಂಡೊನೇಷ್ಯ ನಂಬಿದಂತಿದೆ. ಬ್ಯಾಟರಿ ಮತ್ತು ತುಕ್ಕು ಹಿಡಿಯದ ಉಕ್ಕಿಗೆ ಬೇಕಾದ ನಿಕ್ಕಲ್ ಅದಿರು ಲೋಕದಲ್ಲೇ ಅತಿ ಹೆಚ್ಚು ದೊರೆಯುವ ದೇಶಗಳಲ್ಲೊಂದಾದ ಅದು, 2020ರ ಜನವರಿಯಿಂದ ಕಚ್ಚಾ ಅದಿರಿನ ರಫ್ತನ್ನು ನಿಲ್ಲಿಸಿ, ಬೇಕಾದವರು ಇಲ್ಲಿಗೇ ಬಂದು ಕರಗಿಸಿರೆಂದಿತು. ಐರೋಪ್ಯ ಒಕ್ಕೂಟದ ದೂರಿನ ಮೇಲೆ 2022ರಲ್ಲಿ ತೀರ್ಪು ಇಂಡೊನೇಷ್ಯಕ್ಕೆ ವಿರುದ್ಧವಾಗಿ ಬಂದಿತು. ಅದು ಮೇಲ್ಮನವಿ ಸಲ್ಲಿಸಿತಾದರೂ, ಮೇಲ್ಮನವಿ ಮಂಡಲಿಗೆ ಸದಸ್ಯರ ನೇಮಕವನ್ನು ಅಮೆರಿಕ ತಡೆದು 2019ರ ಡಿಸೆಂಬರಿನಿಂದ ಆ ಮಂಡಲಿ ಕೆಲಸ ನಿಲ್ಲಿಸಿದ್ದರಿಂದ ತೀರ್ಪು ಜಾರಿಯಾಗಲಿಲ್ಲ. ನಿಯಮ ಮಾಡಿದವರೇ ಇಂದು ತಮ್ಮ ಚಿಪ್ಪು, ಬ್ಯಾಟರಿ ಉದ್ಯಮಗಳಿಗೆ ಬಹಿರಂಗವಾಗಿ ಸಹಾಯಧನ ಕೊಡುತ್ತಿರುವಾಗ, ನಿಯಮದ ಹಿಡಿತ ಮೂವತ್ತು ವರ್ಷಗಳ ಹಿಂದಿನಷ್ಟು ಬಿಗಿಯಾಗಿಲ್ಲ.

ಆದ್ದರಿಂದ ಸರ್ಕಾರಿ ಮುಂದಾಳತ್ವದ ದಾರಿ ಮುಚ್ಚಿಹೋಗಿದೆಯೆಂಬ ಮಾತನ್ನು ಮೈಸೂರಿನ ಚರಿತ್ರೆಯೂ ಇಂಡೊನೇಷ್ಯದ ವರ್ತಮಾನವೂ ಒಪ್ಪುವುದಿಲ್ಲ. ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಇಂಡೊನೇಷ್ಯದ ನಿಕ್ಕಲ್ ಕುಲುಮೆಗಳ ಬಹುಪಾಲು ಬಂಡವಾಳವೂ ತಂತ್ರಜ್ಞಾನವೂ ಚೀನದ ಕಂಪನಿಗಳದು; ಅದಿರು ದೇಶದ್ದಾದರೂ ಅದನ್ನು ಕರಗಿಸುವ ವಿದ್ಯೆ ಇನ್ನೂ ಬೇರೆಯವರ ಕೈಯಲ್ಲಿದೆ. ಬ್ಯಾಟರಿ ತಯಾರಕರು ನಿಕ್ಕಲ್ ಬೇಡದ ರಸಾಯನಗಳತ್ತ ಹೊರಳುತ್ತಿರುವ ಈ ಹೊತ್ತಿನಲ್ಲಿ, ಮರದ ಮದ್ಯಸಾರದ ಬೆಲೆ ಕುಸಿದ ವರ್ಷ ಭದ್ರಾವತಿ ಎದುರಿಸಿದಂಥ ಪರಿಸ್ಥಿತಿ ಅಲ್ಲಿಯೂ ಬರಬಹುದು. 1916ರಲ್ಲಿ ಮೈಸೂರು ಗಂಧದ ಮರವನ್ನು ಹೊರಗೆ ಕಳಿಸುವುದನ್ನು ಕಡಿಮೆ ಮಾಡುವ ಮೊದಲೇ ಅದನ್ನು ಬಟ್ಟಿ ಇಳಿಸುವ ವಿದ್ಯೆಯನ್ನು ತಾನು ಜಮೀನು ಕೊಟ್ಟ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿಕೊಂಡಿತ್ತು, ಸಾಬೂನಿನ ವಿದ್ಯೆ ಕಲಿಯಲು ತನ್ನವರನ್ನೇ ಹೊರದೇಶಕ್ಕೆ ಕಳಿಸಿತ್ತು.